ಟ್ರಾಮಿನ ಪರದೆ

ರಾಣೆಬೆನ್ನೂರು,
೧೬ ನವೆಂಬರ್ ೨೦೨೫, ರವಿವಾರ

ಶಿವಾನಂದ ಅವರಿಗೆ,

ನಿಮ್ಮ ತಾಯಿ ಚೆನ್ನಾಗಿದ್ದಾರೆ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಏನೋ ಆಗಿದೆ ಎಂದು ನೀವು ಕೊನೆಯ ಹಾಳೆಗೆ ಹಾರುತ್ತೀರಿ. ಹಾರಬೇಡಿ. ಕಕ್ಷಿದಾರರು ತಂದುಕೊಟ್ಟ ಕಾಗದವನ್ನು ಬೆರಳಿಟ್ಟು ಒಂದೊಂದೇ ಸಾಲು ಓದುತ್ತೀರಲ್ಲ, ಹಾಗೆ ಓದಿ. ಹಾವೇರಿ ಕೋರ್ಟಿನಲ್ಲಿ ನಿಮ್ಮಷ್ಟು ನಿಧಾನವಾಗಿ ಕಾಗದ ಓದುವ ವಕೀಲರಿಲ್ಲ ಎಂದು ಜನ ಹೇಳುವುದನ್ನು ನಾನು ಕೇಳಿದ್ದೇನೆ.

ಫೋನು ಬಿಟ್ಟು ಪತ್ರ ಹಿಡಿದದ್ದಕ್ಕೆ ಕಾರಣ ಇಷ್ಟೇ. ಫೋನಿನಲ್ಲಿ ನನ್ನ ವಾಕ್ಯ ಮುಗಿಯುವ ಮೊದಲೇ ನೀವು ತೀರ್ಪು ಕೊಟ್ಟುಬಿಡುತ್ತೀರಿ. ನೀವು ಹಾವೇರಿಯಲ್ಲಿ, ನಾನು ಇಲ್ಲಿ ನಿಮ್ಮ ತಾಯಿಯ ಜೊತೆ ಸ್ಟುಡಿಯೋದ ಮೇಲಿನ ಮನೆಯಲ್ಲಿ ಇರತೊಡಗಿ ನಾಲ್ಕು ವರ್ಷವಾಯಿತು. ಇಷ್ಟು ದಿನದಲ್ಲಿ ನಾನು ನಿಮಗೆ ಒಂದು ಮಾತನ್ನೂ ಪೂರ್ತಿಯಾಗಿ ಹೇಳಿಲ್ಲ. ಈ ಸಲ ಹೇಳುತ್ತೇನೆ.

ನಾಳೆ ಬಿಟ್ಟು ಮುಂದಿನ ಸೋಮವಾರ, ಇಪ್ಪತ್ತನಾಲ್ಕರಂದು, ಅತ್ತೆಯನ್ನು ಹುಬ್ಬಳ್ಳಿಯ ವೈದ್ಯರಲ್ಲಿಗೆ ಕರೆದೊಯ್ಯಲು ಕಾರು ಕಳಿಸುವುದಾಗಿ ಬರೆದಿದ್ದೀರಿ. ಸುಮ್ಮನೆ ಒಂದು ತಪಾಸಣೆ ಎಂದಿದ್ದೀರಿ. ಅದು ಸುಮ್ಮನೆ ಅಲ್ಲವೆಂದು ನಿಮ್ಮ ತಂಗಿ ಅಂಜಲಿ ದಾವಣಗೆರೆಯಿಂದ ಫೋನು ಮಾಡಿ ಹೇಳಿದಳು. ಆಕೆಯ ಮೇಲೆ ಸಿಟ್ಟು ಮಾಡಬೇಡಿ, ಅವಳಿಗೂ ಮನಸ್ಸು ತಡೆಯಲಿಲ್ಲ. ಅತ್ತೆಯ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ವೈದ್ಯರು ಬರೆದುಕೊಟ್ಟರೆ ಕೋರ್ಟಿನಿಂದ ನೀವು ಅವರ ಪಾಲಕರಾಗುತ್ತೀರಿ. ಆಮೇಲೆ ಅವರ ಸಹಿಯ ಜಾಗದಲ್ಲಿ ನಿಮ್ಮ ಸಹಿ ನಡೆಯುತ್ತದೆ. ಸ್ಟುಡಿಯೋ ಕಟ್ಟಡ ಬೀಳುತ್ತದೆ, ಮಳಿಗೆಗಳು ಏಳುತ್ತವೆ, ಅತ್ತೆ ಹಾವೇರಿಯ ನಿಮ್ಮ ಮನೆಯ ಹಿಂದಿನ ಕೋಣೆಗೆ ಬರುತ್ತಾರೆ. ಅವರು ಸಹಿ ಮಾಡಲು ಒಲ್ಲೆ ಎಂದದ್ದಕ್ಕೆ ನೀವು ಕಂಡುಕೊಂಡ ದಾರಿ ಇದು.

ನೀವು ಕೆಟ್ಟವರೆಂದು ನಾನು ಬರೆಯುತ್ತಿಲ್ಲ. ಎಂಬತ್ತರ ಹೆಂಗಸು, ಮೆಟ್ಟಿಲು ಹತ್ತಿ ಇಳಿಯುವ ಮನೆ, ಒಲೆಯ ಮೇಲೆ ಉಕ್ಕಿಹೋದ ಹಾಲು: ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಹಾಲು ನನ್ನ ಕೈಯಲ್ಲೂ ಉಕ್ಕುತ್ತದೆ, ಕೈಯಲ್ಲಿ ಪುಸ್ತಕವಿದ್ದರೆ ಇನ್ನೂ ಹೆಚ್ಚು. ಆದರೆ ನೀವು ವೈದ್ಯರಿಗೆ ಹೇಳಹೊರಟಿರುವುದು ಹಾಲಿನ ವಿಷಯವಲ್ಲ, ಬೊಂಬಾಯಿಯ ವಿಷಯ. ಆರು ವರ್ಷದ ಹಿಂದೆ ಮಾವನವರು ತೀರಿಕೊಂಡ ಮೇಲೆ ಅತ್ತೆ ಹೇಳತೊಡಗಿದ ಮಾತು: ತಾನು ಮದುವೆಗೆ ಮೊದಲು ಬೊಂಬಾಯಿಗೆ ಹೋಗಿದ್ದೆ, ಟ್ರಾಮಿನ ಮೇಲಿನ ಅಂತಸ್ತಿನಲ್ಲಿ ಕೂತಿದ್ದೆ, ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿರುವ ತನ್ನ ಫೋಟೋ ಅಲ್ಲಿಯ ರಸ್ತೆಯಲ್ಲಿ ನಿಂತು ತೆಗೆಸಿಕೊಂಡದ್ದು ಎಂದು. ಅದು ಪರದೆಯ ಮುಂದೆ ತೆಗೆದ ಫೋಟೋ ಎಂದು ನೀವು ಹುಟ್ಟಿದಾಗಿನಿಂದ ಬಲ್ಲಿರಿ. ಊರಿಗೆಲ್ಲ ಗೊತ್ತು. ಕಾಣದ ಊರನ್ನು ಕಂಡೆ ಎನ್ನುವುದು ಅರುಳು ಮರುಳಿನ ಲಕ್ಷಣ. ಇದು ನಿಮ್ಮ ವಾದ.

ಆ ಪರದೆಯ ವಿಷಯ ನಿಮಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ನಾಳೆ ಈ ಪತ್ರವನ್ನು ಆ ವೈದ್ಯರೂ ಓದಬೇಕಾಗಿ ಬಂದೀತು.

ಗೋಡೆಯಗಲದ ದಪ್ಪ ಬಟ್ಟೆ. ಅದರ ಮೇಲೆ ಬೊಂಬಾಯಿಯ ಒಂದು ಬೀದಿ. ಎರಡು ಅಂತಸ್ತಿನ ಟ್ರಾಮು, ಆಚೆ ಬದಿಗೆ ಸಜ್ಜಾಗಳಿರುವ ಮನೆಗಳು, ಆಕಾಶದಲ್ಲಿ ತಂತಿಗಳು, ನೆಲದಲ್ಲಿ ಹಳಿ. ಹೊರಗೆ ಫಲಕದಲ್ಲಿ ಪ್ರಕಾಶ ಫೋಟೋ ಸ್ಟುಡಿಯೋ ಎಂದಿದ್ದರೂ ಜನ ಕರೆದದ್ದು ಟ್ರಾಮ್ ಸ್ಟುಡಿಯೋ ಎಂದೇ. ಕುಪ್ಪೇಲೂರು, ಐರಣಿ, ಬ್ಯಾಡಗಿ ಕಡೆಯಿಂದ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನು ಕರೆತಂದು ಆ ಟ್ರಾಮಿನ ಮುಂದೆ ನಿಲ್ಲಿಸುತ್ತಿದ್ದರು. ಗಂಡಿನ ಕಡೆಯವರ ಕೈಗೆ ಹೋಗುವ ಫೋಟೋದಲ್ಲಿ ಹಿಂದೆ ಒಂದು ಶಹರ ಇರಲಿ ಎಂಬ ಆಸೆ. ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಿದಂತಾಗಲಿಲ್ಲ, ಯಾಕೆಂದರೆ ಆ ಕಡೆಯಿಂದ ಬರುವ ಗಂಡಿನ ಫೋಟೋದಲ್ಲೂ ಅದೇ ಟ್ರಾಮು ಇರುತ್ತಿತ್ತು. ಕುಮಾರಪಟ್ಟಣದ ಕಾರ್ಖಾನೆಗೆ ಪರರಾಜ್ಯದಿಂದ ಬಂದ ಕೆಲಸಗಾರರು ಕೂಡ ಇಲ್ಲಿ ನಿಂತು ತೆಗೆಸಿಕೊಂಡು ಊರಿಗೆ ಕಳಿಸಿದರು. ರಾಣೆಬೆನ್ನೂರಿನಲ್ಲಿ ಟ್ರಾಮು ಓಡುತ್ತದೆ ಎಂದು ಎಷ್ಟು ಮನೆಗಳಲ್ಲಿ ನಂಬಿದ್ದರೋ.

ನನ್ನನ್ನೂ ನಮ್ಮ ಅಪ್ಪ ಹಾವೇರಿಯಿಂದ ಬಸ್ಸಿನಲ್ಲಿ ಕರೆತಂದು ಅಲ್ಲೇ ನಿಲ್ಲಿಸಿದ್ದರು. ಈ ಮನೆಯಲ್ಲಿ ತೆಗೆದ ಫೋಟೋ ಸುತ್ತು ಹಾಕಿ ಈ ಮನೆಗೇ ಹೆಣ್ಣಿನ ಫೋಟೋ ಆಗಿ ಬಂತು. ಮದುವೆಯಾದ ಹೊಸದರಲ್ಲಿ ನೀವೂ ನಾನೂ ಅದನ್ನು ನೆನೆದು ಎಷ್ಟು ನಕ್ಕಿದ್ದೇವೆ.

ಒಂದು ವಿಷಯ ಮಾತ್ರ ನೆನಪಿಸಿಕೊಳ್ಳಿ. ಮಾವನವರು ಮೃದು ಮನುಷ್ಯ. ಆದರೆ ನಿಲ್ಲುವ ಜಾಗದ ಮಾತು ಬಂದರೆ ಕಲ್ಲು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗುರುತು ಹಾಕಿದ್ದರು. ಯಾರೇ ಬರಲಿ ಆ ಗುರುತಿನ ಮೇಲೇ ನಿಲ್ಲಬೇಕು. ಒಬ್ಬರಾದರೆ ಒಬ್ಬರು, ಕುಟುಂಬವಾದರೆ ನಡುವಿನವರು. ಒಂದು ಗೇಣು ಆಚೆ ಸರಿದರೂ ಕ್ಯಾಮರಾದ ಹಿಂದಿನಿಂದ ಬಂದು ಭುಜ ಹಿಡಿದು ಸರಿಸುತ್ತಿದ್ದರು. ಬೆಳಕಿಗಾಗಿ ಎನ್ನುತ್ತಿದ್ದರು. ನಾವೆಲ್ಲ ನಂಬಿದೆವು.

ಇನ್ನು ವಿಕಾಸ ಎಂಬ ಆ ಮುಂಬೈ ಹುಡುಗನ ವಿಷಯ. ನೀವು ಅವನೊಡನೆ ಫೋನಿನಲ್ಲಿ ಮಾತಾಡಿದ್ದೀರಿ, ನೋಡಿಲ್ಲ. ತಾಯಿಯ ಕಡೆಯಿಂದ ಹುಬ್ಬಳ್ಳಿಯವನು, ಕನ್ನಡ ಬರುತ್ತದೆ. ಹಳೆಯ ಫೋಟೋಗಳಲ್ಲಿ ಟ್ರಾಮನ್ನೂ ಬೀದಿಯನ್ನೂ ಹುಡುಕುವುದು ಅವನ ಅಭ್ಯಾಸ. ಬರುವ ಜನವರಿಯಲ್ಲಿ ಮುಂಬೈಯಲ್ಲಿ ಅವುಗಳದೊಂದು ಪ್ರದರ್ಶನ ಮಾಡುತ್ತಿದ್ದಾನೆ. ನನ್ನ ವಿದ್ಯಾರ್ಥಿನಿಯೊಬ್ಬಳು ಅತ್ತೆಯ ಫೋಟೋವನ್ನು ಅಂತರ್ಜಾಲದಲ್ಲಿ ಎಲ್ಲೋ ಹಾಕಿದ್ದಳು, ಅದನ್ನು ಕಂಡು ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದ.

ಅವನು ತಂದಿದ್ದ ಫೋಟೋಗಳನ್ನು ಅತ್ತೆಯೂ ನಾನೂ ಊಟದ ಮೇಜಿನ ಮೇಲೆ ಹರಡಿಕೊಂಡು ಒಂದು ಮಧ್ಯಾಹ್ನವಿಡೀ ನೋಡಿದೆವು. ಕುದುರೆ ಎಳೆಯುವ ಟ್ರಾಮು, ಮಳೆನೀರಿನಲ್ಲಿ ನಿಂತ ಟ್ರಾಮು, ಗಡಿಯಾರದ ಗೋಪುರದ ಕೆಳಗೆ ಸಾಲುಗಟ್ಟಿದ ಟ್ರಾಮುಗಳು. ತೀರಾ ಹಳೆಯವುಗಳಲ್ಲಿ ನಡೆದುಹೋಗುತ್ತಿದ್ದ ಜನ ಹೊಗೆಯಂತೆ ಕಲಸಿಹೋಗಿದ್ದಾರೆ. ಆಗಿನ ಕ್ಯಾಮರಾ ನಿಧಾನವಂತೆ, ನಿಂತವರನ್ನಷ್ಟೇ ಹಿಡಿಯುತ್ತಿತ್ತಂತೆ. ಇಡೀ ಬೀದಿಯಲ್ಲಿ ಒಬ್ಬ ಬೂಟು ಪಾಲಿಶು ಮಾಡಿಸಿಕೊಳ್ಳಲು ನಿಂತಿದ್ದಾನೆ, ಅವನೊಬ್ಬ ಉಳಿದಿದ್ದಾನೆ, ಮಿಕ್ಕ ಊರೆಲ್ಲ ಆವಿ. ನಾನು ಅದನ್ನು ಬಹಳ ಹೊತ್ತು ನೋಡಿದೆ. ಅತ್ತೆ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ಮುಗಿಸಿ ಕೇಳಿದ್ದು ಬೇರೆ.

“ಇದರಾಗ ಒಬ್ಬಾಕಿನೂ ಹೆಣ್ಣಮಗಳ ಇಲ್ಲಲ್ಲೋ ತಮ್ಮಾ. ಎಲ್ಲಾರೂ ಮನ್ಯಾಗ ಕುಂತು ಹಪ್ಪಳಾ ಮಾಡ್ತಿದ್ರೇನು?”

ಅವನು ನಕ್ಕ. ಅದಕ್ಕೇ ನಿಮ್ಮ ಫೋಟೋ ಬೇಕಾಗಿದೆ ಎಂದ. ಆಮೇಲೆ ಗಾಜಿನ ಪೆಟ್ಟಿಗೆಯಿಂದ ಅದನ್ನು ಹೊರತೆಗೆದು ಕಿಟಕಿಯ ಬಳಿ ಹಿಡಿದ, ಗೋಡೆಯ ಮೇಲಿದ್ದ ಗಿರಾಕಿಗಳ ಫೋಟೋಗಳನ್ನು ನೋಡಿದ, ಮತ್ತೆ ಇದನ್ನು ನೋಡಿದ. ಅವನ ಮುಖ ಸಣ್ಣಗಾಯಿತು. ಅದೇ ಟ್ರಾಮು, ಅವೇ ಮನೆಗಳು, ಅವೇ ತಂತಿಗಳು. ಸಾಲದ್ದಕ್ಕೆ ಅತ್ತೆಯ ಫೋಟೋದ ಮೇಲೆ ಮಾವನವರು ಕೈಯಾರೆ ಬಣ್ಣ ಹಚ್ಚಿದ್ದರು. ಕಪ್ಪು ಬಿಳುಪು ಫೋಟೋಕ್ಕೆ ಬಣ್ಣ ತುಂಬುವುದು ಆಗಿನ ಸ್ಟುಡಿಯೋಗಳ ರೂಢಿ. ಮುಖವನ್ನು ಬಿಟ್ಟು ಬೀದಿಯ ಮೇಲೆಲ್ಲ ಕುಂಚದ ಗೆರೆ. ನೆಗೆಟಿವ್ ಇಲ್ಲ. ಸ್ಟುಡಿಯೋ ಪರದೆಯ ಚಿತ್ರಕ್ಕೂ ಬೆಲೆ ಇರುತ್ತದೆ ಅಜ್ಜಿ, ಅದನ್ನು ಹಾಗೇ ತೋರಿಸೋಣ ಎಂದು ಸಮಾಧಾನದ ದನಿಯಲ್ಲಿ ಹೇಳಿ, ಮೊಬೈಲಿನಲ್ಲಿ ಫೋಟೋದ ಪ್ರತಿ ತೆಗೆದುಕೊಂಡು ಹೋದ. ಅತ್ತೆ ವಾದ ಮಾಡಲಿಲ್ಲ. ಅವನು ಮೆಟ್ಟಿಲು ಇಳಿದ ಮೇಲೆ, ನಂಬದವರ ಮಾರಿ ಎಲ್ಲಾ ಒಂದೇ ನಮೂನಿ ಇರತಾವ ನೋಡು, ಇವನೂ ನಮ್ಮ ಶಿವೂನಂಗ ಕಂಡ ಎಂದರಷ್ಟೇ.

ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ನೀವು ವಿಕಾಸನಿಗೆ ಫೋನು ಮಾಡಿ, ನಮ್ಮ ತಾಯಿಗೆ ಮರೆವಿನ ರೋಗ, ಅವರ ಮಾತು ಹಿಡಿಯಬೇಡಿ ಎಂದಿರಿ. ಆ ಹುಡುಗ ಫೋಟೋದ ಕೆಳಗೆ ‘ರಾಣೆಬೆನ್ನೂರಿನ ಸ್ಟುಡಿಯೋದಲ್ಲಿ ಚಿತ್ರಿಸಿದ ಪರದೆಯ ಮುಂದೆ’ ಎಂದು ಬರೆದು ನಿಮಗೂ ನನಗೂ ಕಳಿಸಿದ. ಆ ಸಾಲನ್ನು ನೀವು ವೈದ್ಯರಿಗೆ ತೋರಿಸಲು ತೆಗೆದಿಟ್ಟಿದ್ದೀರಿ. ತಿಳಿದವರೇ ಹೇಳಿದ್ದಾರೆ ಎನ್ನಲು. ಐರಣಿಯ ನಿಮ್ಮ ಸೋದರಜ್ಜಿಯ ಮಗಳನ್ನೂ ಕೇಳಿಸಿದಿರಿ. ಅತ್ತೆ ಬೊಂಬಾಯಿಗೆ ಹೋಗಿದ್ದೆ ಎನ್ನುವ ಆ ಚಳಿಗಾಲ ಗೋದೂ ನಮ್ಮ ಮನೆಯಲ್ಲೇ ಇದ್ದಳಂತೆ, ನಮ್ಮವ್ವ ಯಾವಾಗಲೂ ಹೇಳುತ್ತಿದ್ದಳು ಎಂದು ಆಕೆ ಸಾಕ್ಷಿ ನುಡಿದರು. ಇಬ್ಬರು ಸಾಕ್ಷಿಗಳಾದರು. ನಿಮ್ಮ ತಾಯಿ ಗೋದೂಬಾಯಿ ಎಂಬ ಹೆಂಗಸಿನ ಮಾತನ್ನು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ.

ಈಗ ನನ್ನ ಸಾಕ್ಷಿ ಕೇಳಿ.

ಹೋದ ವಾರ ವಿಕಾಸ ಇಡೀ ಪರದೆಯ ಒಂದು ಫೋಟೋ ಬೇಕೆಂದು ಕೇಳಿದ. ಪರದೆ ನಿಮಗೆ ಗೊತ್ತಿರುವಂತೆ ಬಿದಿರಿಗೆ ಸುತ್ತಿ ಅಟ್ಟದ ಮೇಲಿತ್ತು. ಪಕ್ಕದ ಮನೆಯ ಸುಗರಾಬಿ ಒಂದು ತುದಿ ಹಿಡಿದರು, ನಾನೊಂದು. ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಬಿಚ್ಚಿ ಮೂಲೆಗಳಿಗೆ ಇಟ್ಟಿಗೆ ಇಟ್ಟೆವು. ಅತ್ತೆ ಕುರ್ಚಿ ಹಾಕಿಸಿಕೊಂಡು ಟ್ರಾಮಿನ ತಲೆಯ ಕಡೆ ಕೂತರು.

ಮೊದಲು ಕಂಡದ್ದು ಸುಗರಾಬಿಯ ಕಣ್ಣಿಗೆ. ಬಲಬದಿಯಲ್ಲಿ ಕೊಡೆ ಹಿಡಿದ ಒಬ್ಬ ಮನುಷ್ಯನಿದ್ದಾನೆ, ಆದರೆ ಅರ್ಧವೇ ಇದ್ದಾನೆ. ಒಂದು ಕೈ, ಒಂದು ಕಾಲು, ಅರ್ಧ ಕೊಡೆ. ಅವನ ಆಚೆಗೆ ಬಟ್ಟೆ ಇನ್ನೂ ಒಂದು ಮೊಳ ಉಂಟು, ಅದರ ಮೇಲೆ ಬರೀ ಬೂದು ಬಣ್ಣ. ಉಳಿದ ಅರ್ಧಾ ಎಲ್ಲಿ ಹೋದ ಇಂವಾ ಎಂದು ಸುಗರಾಬಿ ಕೇಳಿದರು. ಅತ್ತೆ ಕೂತಲ್ಲಿಂದಲೇ, ಅಂವಾ ಬೊಂಬಾಯ್ದಾಗ ಉಳದಾನ ಎಂದರು. ಸುಗರಾಬಿ ನಕ್ಕು ನಕ್ಕು ಇಟ್ಟಿಗೆಯ ಮೇಲೆ ಕೂತುಬಿಟ್ಟರು. ನನಗೆ ನಗಲಾಗಲಿಲ್ಲ. ಕೆಳಗೆ ಹೋಗಿ ಅತ್ತೆಯ ಫೋಟೋ ತಂದೆ. ಅದರ ಬಲ ಅಂಚಿನಲ್ಲಿ ಅದೇ ಮನುಷ್ಯ, ಅಂಚು ಅವನನ್ನು ಕತ್ತರಿಸಿದಲ್ಲಿಗೆ ಸರಿಯಾಗಿ ಅರ್ಧ. ಮನಸ್ಸಿನಿಂದ ಬೀದಿ ಬರೆಯುವ ಚಿತ್ರಗಾರ ಅರ್ಧ ಮನುಷ್ಯನನ್ನು ಬರೆಯುವುದಿಲ್ಲ. ಫೋಟೋ ನೋಡಿ ಬರೆಯುವವನು ಬರೆಯುತ್ತಾನೆ.

ಪರದೆಯ ನಡುವೆ ಒಂದು ಮೈಲಿಗಲ್ಲು ಇದೆ. ಚಿಕ್ಕವರಿದ್ದಾಗ ಅದಕ್ಕೆ ಚೆಂಡು ಹೊಡೆದು ಏಟು ತಿಂದದ್ದನ್ನು ನೀವೇ ಹೇಳಿದ್ದೀರಿ. ನಮ್ಮ ಪುಣೆ ಬೆಂಗಳೂರು ರಸ್ತೆಯ ಮೇಲೆ ಇರುತ್ತಿದ್ದಂಥ, ತಲೆ ಗುಂಡಗಿರುವ, ಊರಿನ ಹೆಸರಿಲ್ಲದ ಕಲ್ಲು. ಬೊಂಬಾಯಿಯ ನಡುಬೀದಿಯಲ್ಲಿ, ಟ್ರಾಮಿನ ಹಳಿಯ ಪಕ್ಕದಲ್ಲಿ ಆ ಕಲ್ಲಿಗೆ ಏನು ಕೆಲಸ? ಅದರ ಸುತ್ತ ಆಳೆತ್ತರಕ್ಕೆ ಧೂಳಿನ ಮೋಡದಂತೆ ಬೂದು ಬಣ್ಣ ಮೆತ್ತಿದೆ. ಅದರ ಎಡಕ್ಕೆ ಟ್ರಾಮಿನ ಕೆಂಪು ಪಟ್ಟಿ ಒಂದು ಎತ್ತರದಲ್ಲಿ ಬಂದು ನಿಲ್ಲುತ್ತದೆ, ಬಲಕ್ಕೆ ಒಂದು ಗೇಣು ಕೆಳಗಿಂದ ಹೊರಡುತ್ತದೆ. ಹಳಿಗಳೂ ಕೂಡುವುದಿಲ್ಲ. ಉಳಿದ ಕಡೆ ಕೂದಲೆಳೆಯಷ್ಟು ತಪ್ಪದ ಕೈ ಅಲ್ಲಿ ಮಾತ್ರ ತಡವರಿಸಿದೆ. ಫೋಟೋವನ್ನು ಪಕ್ಕಕ್ಕೆ ಹಿಡಿದು ನೋಡಿದೆ. ಆ ಕಲ್ಲು, ಆ ಧೂಳು ಇರುವುದು ಅತ್ತೆ ನಿಂತಿದ್ದ ಜಾಗದಲ್ಲಿ. ಗಾಳಿಗೆ ಹಾರಿದ ಅವರ ಸೆರಗಿನ ಆಕಾರವೂ ಧೂಳಿನಲ್ಲಿ ಉಳಿದಿದೆ.

ನಾನು ಏನೂ ಹೇಳುವ ಮೊದಲೇ ಅತ್ತೆ ಮಾತಾಡಿದರು.

“ಇಸಾಕಸಾಬ ಕೇಳಿದ್ದ, ಅಕ್ಕಾರ, ನಿಮ್ಮ ಹಿಂದ ಏನಿತ್ರಿ ಅಂತ. ನಾ ಬೆನ್ನ ಮಾಡಿ ನಿಂತಾಕಿ, ನನಗೇನ ಗೊತ್ತೋ ಮಾರಾಯಾ, ನಿನಗ ತಿಳದದ್ದ ಬರಿ ಅಂದೆ. ಅಂವಾ ಮೈಲಿಗಲ್ಲ ಬರದಾ.”

ಇಸಾಕಸಾಬ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು, ನಿಮಗೂ ಅವರ ಹೆಸರು ಗೊತ್ತು. ಬೊಂಬಾಯಿ ನೋಡಿದವರಲ್ಲ.

ನೀವು ವಕೀಲರು, ಕೇಳಿಯೇ ಕೇಳುತ್ತೀರಿ: ಇಸಾಕಸಾಬರು ಬೇರೆ ಯಾವುದೋ ಹೆಂಗಸಿನ ಫೋಟೋ ನೋಡಿ ಪರದೆ ಬರೆದಿರಬಹುದಲ್ಲ, ಆಮೇಲೆ ಆಯಿ ಆ ಪರದೆಯ ಮುಂದೆ ನಿಂತಿರಬಹುದಲ್ಲ ಎಂದು. ಅದಕ್ಕೂ ಉತ್ತರವಿದೆ. ಪರದೆಯ ಮುಂದೆ ನಿಂತ ಯಾರ ಫೋಟೋ ಬೇಕಾದರೂ ತೆಗೆದು ನೋಡಿ. ಗುರುತಿನ ಮೇಲೆ ಎಷ್ಟೇ ಸರಿಯಾಗಿ ನಿಂತಿದ್ದರೂ ಕಲ್ಲಿನ ಒಂದು ಅಂಚು ಪಕ್ಕದಲ್ಲಿ ಇಣುಕುತ್ತದೆ. ನನ್ನ ಫೋಟೋದಲ್ಲಿ ಸೀರೆಯ ನಿರಿಗೆಯ ಎಡಕ್ಕೆ ಬೆರಳಗಲ ಇಣುಕಿದೆ. ಅತ್ತೆಯ ಫೋಟೋದಲ್ಲಿ ಕಲ್ಲಿಲ್ಲ. ಕಲ್ಲು ಇಣುಕಬೇಕಾದ ಆ ಜಾಗದಲ್ಲಿ ಟ್ರಾಮಿನ ಮೆಟ್ಟಿಲಿದೆ, ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ ಹಾಕಿದ ಒಂದು ಪಾದ ಇದೆ. ಮಾವನವರು ಬಣ್ಣ ಹಚ್ಚುವಾಗ ಆ ಪಾದವನ್ನು ಹಾಗೇ ಬಿಟ್ಟಿದ್ದಾರೆ. ಪರದೆಯಲ್ಲಿ ಮೆಟ್ಟಿಲೂ ಇಲ್ಲ, ಪಾದವೂ ಇಲ್ಲ; ಇಸಾಕಸಾಬರು ಕಲ್ಲನ್ನು ಅಗಲವಾಗಿ ಬರೆದು ಅವನ್ನೂ ಮುಚ್ಚಿದ್ದಾರೆ.

ಅತ್ತೆ ಪರದೆಯ ಮುಂದೆ ನಿಂತದ್ದಲ್ಲ. ಅತ್ತೆಯ ಹಿಂದಿನದನ್ನು ನೋಡಿ ಪರದೆ ಬರೆದದ್ದು. ಆ ಗುರುತಿನ ಮೇಲೆ ನಮ್ಮನ್ನೆಲ್ಲ ಯಾಕೆ ನಿಲ್ಲಿಸುತ್ತಿದ್ದರೆಂದು ಈಗ ತಿಳಿಯಿತಲ್ಲ. ಚಿತ್ರಗಾರನಿಗೆ ಕಾಣದೇ ಉಳಿದ ಜಾಗವನ್ನು ಮುಚ್ಚಲು ಇಡೀ ತಾಲೂಕು ಒಬ್ಬೊಬ್ಬರಾಗಿ ಬಂದು ನಿಂತಿತು.

ಎರಡನ್ನೂ ವಿಕಾಸನಿಗೆ ಕಳಿಸಿದೆ. ಮರುದಿನ ಬರೆದ. ಒಂದರ ಮೇಲೊಂದು ಇಟ್ಟು ನೋಡಿದನಂತೆ. ಅಜ್ಜಿಗೆ ನನ್ನ ಪರವಾಗಿ ಕ್ಷಮೆ ಕೇಳಿ ಎಂದಿದ್ದಾನೆ. ಫೋಟೋದ ಕೆಳಗೆ ಈಗ ಗೋದೂಬಾಯಿ, ದಾದರ ಕಡೆಯ ರಸ್ತೆ, ೧೯೬೩ ಎಂದಿದೆ. ಅವನ ಪತ್ರದ ಪ್ರತಿ ಇದರ ಜೊತೆಗಿದೆ. ನಿಮ್ಮ ಒಬ್ಬ ಸಾಕ್ಷಿ ಹೋದರು.

ಐರಣಿಯ ಸಾಕ್ಷಿಗೆ ಬರುತ್ತೇನೆ. ಇದು ಅತ್ತೆ ನನಗೆ ತುಂಡು ತುಂಡಾಗಿ ಹೇಳಿದ್ದು, ನಾನು ಜೋಡಿಸಿದ್ದು.

ನಿಮ್ಮ ತಾಯಿಯ ತಂದೆಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಬೊಂಬಾಯಿಯ ವ್ಯಾಪಾರಿಗಳ ಪರಿಚಯ. ಆ ಕಡೆಯಿಂದ ದಾದರದಲ್ಲಿ ಒಂದು ಸಂಬಂಧ ಬಂತು. ಆದರೆ ಗಂಡಿನವರು ಅಷ್ಟು ದೂರ ಬರಲಾರೆವು, ಹೆಣ್ಣನ್ನು ಇಲ್ಲಿಗೇ ಕರೆತನ್ನಿ ಎಂದರು. ನಮ್ಮಲ್ಲಿ ಗಂಡಿನವರು ಬರಬೇಕು, ಅವಲಕ್ಕಿ ತಿನ್ನಬೇಕು, ನೋಡಿ ಹೋಗಬೇಕು. ಹೆಣ್ಣನ್ನೇ ಹೊತ್ತುಕೊಂಡು ಹೋಗಿ ಬಾಗಿಲಲ್ಲಿ ತೋರಿಸುವುದು ಮಾಲು ಮಾರಲು ಹೋದಂತೆ. ಊರಿಗೆ ತಿಳಿದರೆ ಆ ಹುಡುಗಿಗೆ ಮುಂದೆ ಸಂಬಂಧ ಕೂಡುವುದು ಕಷ್ಟ. ಹಾಗಾಗಿ ಗೋದೂ ಐರಣಿಯ ಸೋದರತ್ತೆಯ ಮನೆಗೆ ಹೋಗಿದ್ದಾಳೆ ಎಂದು ಹೇಳ್ಯಾಯಿತು. ಸೋದರತ್ತೆ ಹೂಂ ಎಂದರು, ಸಾಯುವ ತನಕ ಹೂಂ ಎಂದೇ ಇದ್ದರು. ತಂದೆ ಮಗಳು ಬ್ಯಾಡಗಿಯಲ್ಲಿ ರೈಲು ಹತ್ತಿ ಪುಣೆಯಲ್ಲಿ ಗಾಡಿ ಬದಲಿಸಿ ಬೊಂಬಾಯಿಗೆ ಹೋದರು.

ಮಾವನವರು ಆಗ ದಾದರದ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದರು. ರಾಣೆಬೆನ್ನೂರಿನ ಹುಡುಗ, ನಮ್ಮ ಕಡೆಯವನು ಎಂದು ಹುಡುಗಿಯ ಫೋಟೋ ತೆಗೆಯಲು ಅವರನ್ನೇ ಕರೆಸಿದರು. ಮನೆಯೊಳಗೆ ಬೆಳಕಿಲ್ಲವೆಂದು ಅವರು ಎಲ್ಲರನ್ನೂ ಕೆಳಗೆ ರಸ್ತೆಗೆ ಇಳಿಸಿದರು. ಅಷ್ಟರಲ್ಲಿ ಟ್ರಾಮು ಬಂತು. ಅತ್ತೆಯ ಒಂದು ಕಣ್ಣು ಬಿಸಿಲಿಗೆ ಸ್ವಲ್ಪ ಕಿರಿದಾಗಿದೆ, ನೋಡಿದ್ದೀರಲ್ಲ.

ಆ ಸಂಬಂಧ ಮುರಿದುಬಿತ್ತು. ಅವರು ಯಾಕೆ ಒಲ್ಲೆ ಎಂದರೋ ನಾನು ಕೇಳಲಿಲ್ಲ. ಗಂಡಿನವರು ಒಲ್ಲೆ ಎಂದರೆ ಹೆಣ್ಣಿನವರು ಯಾಕೆಂದು ಕೇಳುವ ಪದ್ಧತಿ ಆಗ ಇರಲಿಲ್ಲ, ಈಗಲೂ ಅಷ್ಟಾಗಿ ಇಲ್ಲ. ಅಜ್ಜ ತಲೆ ತಗ್ಗಿಸಿಕೊಂಡು ಮಗಳನ್ನು ಕರೆತಂದರು. ಮುಂದಿನ ವರ್ಷ ಮಾವನವರು ಬೊಂಬಾಯಿ ಬಿಟ್ಟು ಬಂದು ಇಲ್ಲಿ ಸ್ಟುಡಿಯೋ ಹಾಕಿದರು, ಬ್ಯಾಡಗಿಗೆ ಹೋಗಿ ಹೆಣ್ಣು ಕೇಳಿದರು. ತಾವು ತೆಗೆದವುಗಳಲ್ಲೇ ಚೆಂದದ ಫೋಟೋ ಅದು. ಒಳಗಿಡಲು ಮನಸ್ಸಿಲ್ಲ, ಹೊರಗಿಟ್ಟರೆ ಈ ಹುಡುಗಿ ಬೊಂಬಾಯಿಗೆ ಯಾವಾಗ ಹೋಗಿದ್ದಳು ಎಂಬ ಪ್ರಶ್ನೆ. ಅದಕ್ಕೇ ಇಸಾಕಸಾಬರನ್ನು ಕರೆಸಿ ಪರದೆ ಬರೆಸಿದರು. ಫೋಟೋದ ಮೇಲೆ ಬಣ್ಣ ಹಚ್ಚಿದರು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಒಬ್ಬ ಹುಡುಗಿ ಬೀದಿಯಲ್ಲಿ ನಿಂತಿದ್ದಳು ಎಂಬುದನ್ನು ಮರೆಮಾಡಲು ಇಡೀ ಬೀದಿಯನ್ನೇ ಬರೆಸಿದ ಮನುಷ್ಯ. ಇದು ಪ್ರೀತಿಯೋ ಹೆದರಿಕೆಯೋ ಎಂದು ನಾನು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಎರಡೂ ಇದ್ದೀತು. ತಾನು ಇರುವ ತನಕ ಈ ಮಾತು ಬೇಡ ಎಂದು ಅತ್ತೆಯಿಂದ ವಚನ ತೆಗೆದುಕೊಂಡಿದ್ದರಂತೆ. ಅತ್ತೆ ಅದನ್ನು ನಡೆಸಿಕೊಟ್ಟರು. ಮಾವನವರು ಹೋದ ಮೇಲೆ ರೋಗ ಶುರುವಾಯಿತು ಎನ್ನುತ್ತೀರಿ. ಶುರುವಾದದ್ದು ರೋಗವಲ್ಲ, ವಚನದಿಂದ ಬಿಡುಗಡೆ.

ಈಗ ನನ್ನ ಮಾತು.

ಸೋಮವಾರ ಕಾರು ಕಳಿಸಬೇಡಿ. ಕಳಿಸಿದರೆ ಖಾಲಿ ತಿರುಗುತ್ತದೆ. ಅತ್ತೆಯನ್ನು ವೈದ್ಯರಿಗೆ ತೋರಿಸುವುದೇ ಬೇಡ ಎನ್ನುತ್ತಿಲ್ಲ. ಅವರ ಮಂಡಿನೋವಿಗೆ ನಾನೇ ಕರೆದೊಯ್ಯುತ್ತೇನೆ, ಮರೆವಿನ ಪರೀಕ್ಷೆಯನ್ನೂ ಮಾಡಿಸುತ್ತೇನೆ, ಯಾವ ವೈದ್ಯರೆಂದು ಅವರೇ ಹೇಳುತ್ತಾರೆ. ಒಳಗೆ ಅವರು ಒಬ್ಬರೇ ಮಾತಾಡುತ್ತಾರೆ, ನಾನು ಹೊರಗೆ ಕೂರುತ್ತೇನೆ. ನೀವೂ ಬಂದು ಹೊರಗೆ ಕೂರಬಹುದು. ವೈದ್ಯರು ಏನು ಬರೆದುಕೊಟ್ಟರೂ ಅದು ಮೊದಲು ಅತ್ತೆಯ ಕೈಗೆ ಹೋಗುತ್ತದೆ. ಇಷ್ಟರ ಮೇಲೂ ನೀವು ಕೋರ್ಟಿಗೆ ಹೋದರೆ ಎದುರು ಪಕ್ಷದಲ್ಲಿ ನನ್ನ ಹೆಸರಿರುತ್ತದೆ. ಆ ಪರದೆಯನ್ನು ಕೋರ್ಟಿನ ಗೋಡೆಗೆ ತೂಗುಹಾಕಿಸಿ, ನಿಮ್ಮ ಮುಂದೆಯೇ ಇದನ್ನೆಲ್ಲ ಹೇಳುತ್ತೇನೆ. ನಿಮ್ಮ ಜೊತೆ ಇಪ್ಪತ್ತು ವರ್ಷ ಇದ್ದವಳು ನಾನು, ಸಾಕ್ಷಿ ಹೇಗೆ ಹೇಳಬೇಕೆಂದು ಕಲಿತಿದ್ದೇನೆ.

ಇದು ಮಳಿಗೆಯ ಜಗಳವಲ್ಲ. ಕಟ್ಟಡ ಹಳೆಯದು, ಒಂದಲ್ಲ ಒಂದು ದಿನ ಬೀಳುತ್ತದೆ. ಅತ್ತೆಗೆ ಬೀಳಿಸಬೇಕೆನಿಸಿದರೆ ನಾನೇ ಅಡಿಗೆಮನೆಯ ಡಬ್ಬಿ ಕಟ್ಟುತ್ತೇನೆ. ಆದರೆ ಅವರನ್ನು ಕೇಳಬೇಕು. ನಾಲ್ಕು ವರ್ಷದ ಹಿಂದೆ, ಇಲ್ಲಿಯ ಶಾಲೆಗೆ ಹಾವೇರಿಯಿಂದ ದಿನಾ ಓಡಾಡುತ್ತಿದ್ದ ನನ್ನ ಹೆಸರಿನಲ್ಲಿ ಹಾವೇರಿಗೆ ವರ್ಗಾವಣೆಯ ಅರ್ಜಿ ಬರೆದು, ಕೆಳಗೆ ಸಹಿಯೊಂದೇ ಬಾಕಿ ಎಂದು ನನ್ನ ಮುಂದೆ ಇಟ್ಟಿರಿ. ಆಗಲೂ ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಒಳ್ಳೆಯದನ್ನೇ ಮಾಡಿದೆ ಎಂದು ನಂಬಿದ್ದಿರಿ. ಕೇಳದೇ ಮಾಡಿದ ಒಳ್ಳೆಯದರೊಳಗೆ ಬದುಕಲಾರದೆ ನಾನು ಇಲ್ಲಿಗೆ ಬಂದೆ. ನಿಮ್ಮ ತಾಯಿಗೆ ಹೋಗಲು ಬೇರೆ ಮನೆಯಿಲ್ಲ, ಇದು ಅವರದೇ ಮನೆ.

ಕಾರಿನ ಬದಲು ನೀವು ಬನ್ನಿ. ಹಾವೇರಿಯಿಂದ ಇಲ್ಲಿಗೆ ಎಷ್ಟು ಹೊತ್ತಿನ ದಾರಿ? ಬಂದು ಅವರ ಎದುರು ಕೂತು, ಬೊಂಬಾಯಿ ಹೇಗಿತ್ತು ಆಯಿ ಎಂದು ಕೇಳಿ. ಟ್ರಾಮಿನ ಮೇಲಂತಸ್ತಿನಲ್ಲಿ ಕೂತರೆ ಮರದ ಟೊಂಗೆಗಳು ಮುಖಕ್ಕೆ ಬರುತ್ತಿದ್ದವಂತೆ. ನನಗೆ ಹೇಳಿದ್ದಾರೆ. ನಿಮಗೆ ಹೇಳಬೇಕೆಂದು ಆರು ವರ್ಷದಿಂದ ಕಾಯುತ್ತಿದ್ದಾರೆ.

ಈ ಮನೆಯ ಮೆಟ್ಟಿಲು ನಿಮಗೆ ಎಂದೂ ಮುಚ್ಚಿಲ್ಲ ಎಂದು ಬಲ್ಲ,
ಮೃಣಾಲಿನಿ

ತಾ.ಕ.: ಲಕೋಟೆಗೆ ಹಾಕುವ ಮೊದಲು ಇದನ್ನು ಅತ್ತೆಗೆ ಓದಿ ಹೇಳಿದೆ. ಆ ಸಂಬಂಧ ಮುರಿದುಬಿತ್ತು ಎಂಬಲ್ಲಿ ಕೈ ಎತ್ತಿ ನಿಲ್ಲಿಸಿದರು. ತಪ್ಪು ಬರೆದಿದ್ದೇನಂತೆ. ದಾದರದವರು ಒಪ್ಪಿದ್ದರಂತೆ, ಉಂಗುರವನ್ನೂ ತಂದಿಟ್ಟಿದ್ದರಂತೆ. ಆ ಫೋಟೋ ತೆಗೆಸಿದ್ದೇ ಒಪ್ಪಿಗೆಯ ಗುರುತಿಗೆ. ರಸ್ತೆಯಿಂದ ಮೇಲೆ ಹೋದವರೇ, ಎಲ್ಲ ಹಿರಿಯರ ನಡುವೆ, ಅತ್ತೆ ತಾವೇ ಒಲ್ಲೆ ಎಂದುಬಿಟ್ಟರು. ಅಜ್ಜ ತಲೆ ತಗ್ಗಿಸಿದ್ದು ಅದಕ್ಕೆ, ಪರದೆ ಬರೆಸಿದ್ದೂ ಅದಕ್ಕೇ. ಫೋಟೋ ತೆಗೆದವರನ್ನು ನೋಡಿ ಒಲ್ಲೆ ಎಂದಿರಾ ಎಂದು ನಾನು ಕೇಳಿದೆ. “ಅವನ ಮಾರಿ ಯಾರ ನೋಡಿದ್ರು, ಅಂವಾ ಕರೀ ಬಟ್ಟಿ ಹೊದಕೊಂಡು ಪೆಟಗಿ ಹಿಂದ ಇದ್ದ. ನಾ ಟ್ರಾಮ್ ನೋಡಿದೆ. ಅಷ್ಟ ಮಂದಿ ಹತ್ತಾಕತ್ತಿದ್ರು, ಇಳ್ಯಾಕತ್ತಿದ್ರು, ಯಾರೂ ಯಾರನ್ನೂ ಕೇಳಾಕತ್ತಿರಲಿಲ್ಲ” ಎಂದರು. ಆಮೇಲೆ ಇದನ್ನು ಅವರ ಮಾತಿನಲ್ಲೇ ಬರೆಯಬೇಕೆಂದು ಹಟ ಹಿಡಿದಿದ್ದಾರೆ: “ಶಿವೂಗ ಬರಿ. ಸಹಿ ಕೇಳಾಕ ಬಾ, ಒಲ್ಲೆ ಅಂತೀನಿ. ಊಟಾ ಮಾಡಿ ಹೋಗು.”